ಓಪನ್‌ಎಲ್‌ಡ್ಯಾಪ್‌, 389 ಡೈರೆಕ್ಟರಿ ಸರ್ವರ್: ರೆಪ್ಲಿಕೇಶನ್ ಕೈಕೊಟ್ಟಾಗ ಯಾವುದು ವಾಸಿ?

ಆಫೀಸಿನ ಯೂಸರ್ ಪಟ್ಟಿಯೆಲ್ಲ ಒಂದೇ ಸರ್ವರಿನಲ್ಲಿತ್ತು. ಅದು ಮಲಗಿದರೆ ಯಾರಿಗೂ ಲಾಗಿನ್ ಇಲ್ಲ. ಜೊತೆಗೊಂದು ನಕಲು ಇರಲಿ, ಮೂಲದ ಬದಲಾವಣೆಯೆಲ್ಲ ತಾನಾಗೇ ಅಲ್ಲಿಗೂ ಹೋಗಲಿ (ಇದಕ್ಕೇ ರೆಪ್ಲಿಕೇಶನ್ ಅನ್ನುವುದು) ಅಂತ, ಯೂಸರ್ ಪಟ್ಟಿ ಇಡುವ ಓಪನ್‌ಎಲ್‌ಡ್ಯಾಪ್, 389 ಡೈರೆಕ್ಟರಿ ಸರ್ವರ್ ಎರಡೂ ಸಾಫ್ಟ್‌ವೇರನ್ನು ವರ್ಚುವಲ್ ಮಷೀನುಗಳಲ್ಲಿ ಹಾಕಿ ನೋಡಿದೆ. ಎರಡರ ಬೇರೂ ಮಿಶಿಗನ್ ವಿಶ್ವವಿದ್ಯಾಲಯದ ಸ್ಲ್ಯಾಪ್‌ಡಿ ಅನ್ನುವ ಹಳೆಯ ಡೈರೆಕ್ಟರಿ ಸರ್ವರೇ. ಅಣ್ಣತಮ್ಮಂದಿರು, ಆದರೆ ಸ್ವಭಾವ ಪೂರ್ತಿ ಬೇರೆ.

ಓಪನ್‌ಎಲ್‌ಡ್ಯಾಪ್‌ನ ಸಿಂಕ್‌ರೆಪ್ಲ್ ಅನ್ನುವ ರೆಪ್ಲಿಕೇಶನ್ ವ್ಯವಸ್ಥೆಯಲ್ಲಿ ನಕಲು ಸರ್ವರೇ ಮೂಲದ ಹತ್ತಿರ ಹೋಗಿ ಡೇಟಾ ಕೇಳಿ ತರುತ್ತದೆ. ನಮ್ಮಲ್ಲಿದ್ದದ್ದು ಸುಮಾರು 1,200 ಎಂಟ್ರಿ. ನಕಲಿನಲ್ಲಿ ಎಣಿಸಿದರೆ ಸರಿಯಾಗಿ 500! ಮಧ್ಯಾಹ್ನವೆಲ್ಲ ಮೂಲ ಸರ್ವರಿನ ಲಾಗ್ ಓದುತ್ತಾ ಕೂತೆ, ಸುಮ್ನೆ. ಕೊನೆಗೆ ನಕಲಿನ ಲಾಗ್ ತೆರೆದರೆ ‘ಸೈಜ್ ಲಿಮಿಟ್ ಎಕ್ಸೀಡೆಡ್’ ಅಂತ ಅದು ಗೋಗರೆಯುತ್ತಿತ್ತು. ಒಂದು ಸರ್ಚ್‌ಗೆ 500 ಎಂಟ್ರಿ ಅನ್ನುವ ಡಿಫಾಲ್ಟ್ ಮಿತಿ, ನಕಲು ಮೂಲಕ್ಕೆ ಲಾಗಿನ್ ಆಗಲು ಬಳಸುವ ರೆಪ್ಲಿಕೇಶನ್ ಯೂಸರ್‌ಗೂ ಬಿದ್ದಿತ್ತು. ದೂರು ನಕಲಿನಲ್ಲಿ, ಮದ್ದು ಮೂಲದಲ್ಲಿ: ಅಲ್ಲಿ ಆ ಯೂಸರ್‌ಗೆ ಮಿತಿ ತೆಗೆದೆ.

ಅಷ್ಟಕ್ಕೇ ಮುಗಿಯಲಿಲ್ಲ. ಎರಡೂ ಕಡೆ ಕಾಂಟೆಕ್ಸ್ಟ್‌ಸಿಎಸ್‌ಎನ್ (ಕೊನೆಯ ಬದಲಾವಣೆಯ ಗುರುತು) ಒಂದೇ, ಎಣಿಕೆಯೂ ಒಂದೇ. ಆದರೂ ನಕಲಿನ ಮೇಲೆ ಲಾಗಿನ್ ಮಾಡಿದರೆ ಎರರ್ 49, ಅಂದರೆ ಹೆಸರೋ ಪಾಸ್‌ವರ್ಡೋ ತಪ್ಪು ಅಂತ. ರೆಪ್ಲಿಕೇಶನ್ ಯೂಸರ್‌ಗೆ ಪಾಸ್‌ವರ್ಡ್ ಓದುವ ಅನುಮತಿಯೇ ಇರಲಿಲ್ಲ. ಜನರೆಲ್ಲ ಬಂದಿದ್ದರು, ಬೀಗದ ಕೈ ಮಾತ್ರ ಹಳೆ ಮನೆಯಲ್ಲೇ ಉಳಿದಿತ್ತು.

389ರಲ್ಲಿ ಉಲ್ಟಾ. ಮೂಲ ಸರ್ವರೇ ತನ್ನ ಚೇಂಜ್‌ಲಾಗ್‌ನಿಂದ ಬದಲಾವಣೆಗಳನ್ನು ತಳ್ಳುತ್ತದೆ. ಹಾಗಾಗಿ ಈ ಎರಡೂ ತಾಪತ್ರಯ ಬರಲಿಲ್ಲ. ಡಿಎಸ್‌ಕಾನ್ಫ್ ಅನ್ನುವ 389ರ ಕಮಾಂಡಿನಲ್ಲಿ ಅಗ್ರಿಮೆಂಟಿನ (ಯಾವ ಸರ್ವರಿಗೆ ತಳ್ಳಬೇಕು ಅನ್ನುವ ಸೆಟ್ಟಿಂಗಿನ) ಸ್ಟೇಟಸ್ ಕೇಳಿದೆ. ಎರರ್ 19, ಡೇಟಾಬೇಸ್ ಜನರೇಶನ್ ಐಡಿ ಬೇರೆ ಇದೆ (ಎರಡೂ ಕಡೆಯದು ಒಂದೇ ಮೂಲದ ಡೇಟಾ ಅಲ್ಲ), ಇನಿಶಿಯಲೈಸ್ ಮಾಡಬೇಕಾಗಬಹುದು ಅಂತ ಅದೇ ಬಾಯಿಬಿಟ್ಟು ಹೇಳಿತು. ಇಷ್ಟು ಹೇಳುವ ಸರ್ವರ್ ಸಿಗುವುದು ಪುಣ್ಯ ಅಲ್ವಾ?

ಹಾಗಂತ ಅದು ಸಾಧು ಅಲ್ಲ. ಇನಿಶಿಯಲೈಸ್ ಮಾಡಿದರೆ ಎದುರಿನ ಸರ್ವರಿನ ಡೇಟಾ ಪೂರ್ತಿ ಅಳಿಸಿ ಹೊಸದು ಕೂರುತ್ತದೆ. ದಿಕ್ಕು ತಪ್ಪಿ ಖಾಲಿ ಮಷೀನಿನಿಂದ ತಳ್ಳಿದರೆ ತುಂಬಿದ ಡೈರೆಕ್ಟರಿಯೇ ಖಾಲಿ! ನಾನು ಬೇಕಂತಲೇ ಟೆಸ್ಟ್ ಮಷೀನಿನಲ್ಲಿ ಮಾಡಿ ನೋಡಿದೆ. ಕೆಲವೇ ಸೆಕೆಂಡು ಸಾಕಾಯಿತು.

ಮೆಮೊರಿ ಕಡಿಮೆ ಇರುವ ಪುಟ್ಟ ಮಷೀನಿಗೆ, ಎಸಿಎಲ್ (ಯಾರು ಏನು ಓದಬಹುದು ಅನ್ನುವ ಅನುಮತಿ ಪಟ್ಟಿ) ಗೊತ್ತಿರುವವರಿಗೆ ಓಪನ್‌ಎಲ್‌ಡ್ಯಾಪ್ ಸಾಕು. ನಮ್ಮಲ್ಲಿ ರಾತ್ರಿ ಪಾಳಿಯವರು ಹೊಸಬರು, ಎಡವಟ್ಟಾದರೆ ಫೋನ್ ಬರುವುದು ನನಗೇ. ಅದಕ್ಕೆ 389 ಇಟ್ಟೆ. ಇನಿಶಿಯಲೈಸ್ ಮಾಡುವ ಪಾಸ್‌ವರ್ಡನ್ನು ಮಾತ್ರ ಅವರಿಗೆ ಕೊಟ್ಟಿಲ್ಲ.