ಐದು ಮಳೆಗಾಲ ಕಂಡ ಟಿಲ್ಲರ್ ಟಯರು ಮತ್ತು ಅದರ ಮೈಮೇಲಿನ ಬಾಣ

ಶಿರಸಿ ಸಮೀಪದ ನಮ್ಮ ಅಡಿಕೆ ತೋಟದಲ್ಲಿ 13 ಅಶ್ವಶಕ್ತಿಯ ಪವರ್ ಟಿಲ್ಲರಿಗೆ 6.00-12 ಅಳತೆಯ ಲಗ್ ಟಯರುಗಳನ್ನು (ಮಣ್ಣು ಕಚ್ಚಲು ಮೈಮೇಲೆ ದಪ್ಪ ರಬ್ಬರ್ ಏಣುಗಳಿರುವ ಟಯರು; ಆ ಏಣೇ ಲಗ್ಗು) 2020ರ ಮೇ ತಿಂಗಳಲ್ಲಿ ಹಾಕಿಸಿದ್ದೆ. ಐದು ಮಳೆಗಾಲ ಕಳೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಬೆಟ್ಟದಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವುದು, ಕೊಟ್ಟಿಗೆ ಗೊಬ್ಬರವನ್ನು ತೋಟಕ್ಕೆ ಇಳಿಸುವುದು, ಕೊಯ್ದ ಅಡಿಕೆ ಕೊನೆಗಳನ್ನು ಅಂಗಳಕ್ಕೆ ಏರಿಸುವುದು, ಇಷ್ಟೂ ಕೆಲಸ ಈ ಎರಡು ಚಕ್ರಗಳ ಹಿಡಿತವನ್ನೇ ನಂಬಿದೆ. ಟಯರು ಒಳ್ಳೆಯದು. ಆದರೆ ಇದೇ ಟಯರು ಉಲ್ಟಾ ಕೂತಿದ್ದ ಕೆಲವು ವಾರಗಳಲ್ಲಿ ನಾನು ಪಟ್ಟ ಪಾಡನ್ನು ಹೇಳದೆ ಇದರ ಗುಣವನ್ನು ವಿವರಿಸಲಾಗುವುದಿಲ್ಲ.

2021ರ ಬೇಸಿಗೆಯಲ್ಲಿ, ಇಳಿಜಾರಿನಲ್ಲಿ ಗಾಡಿ ಓಲಾಡುತ್ತದೆ ಎಂದು, ಚಕ್ರಗಳ ನಡುವಿನ ಅಗಲವನ್ನು ಹೆಚ್ಚಿಸಲು ಪೇಟೆಯ ಅಂಗಡಿಯೊಂದಕ್ಕೆ ಒಯ್ದಿದ್ದೆ. ಟಿಲ್ಲರಿನ ರಿಮ್ಮು ಒಂದು ಬದಿಗೆ ತಗ್ಗಾಗಿರುವುದರಿಂದ ಅದರ ಒಳಮೈಯನ್ನು ಹೊರಗೆ ಮಾಡಿದರೆ ಅಗಲ ಬದಲಾಗುತ್ತದೆ. ಅಂಗಡಿಯವರು ಎಡಚಕ್ರವನ್ನು ಎಡಗಡೆಯಲ್ಲೇ, ಬಲಚಕ್ರವನ್ನು ಬಲಗಡೆಯಲ್ಲೇ ಮಗುಚಿ ಹಾಕಿದರು. ಅಗಲವೇನೋ ಹೆಚ್ಚಿತು; ಜೊತೆಗೆ ಲಗ್ಗುಗಳ ದಿಕ್ಕೂ ತಿರುಗಿಹೋಯಿತು. ಒಣಗಿದ ಅಂಗಳದಲ್ಲಿ ಓಡಿಸಿ ನೋಡಿದಾಗ ನನಗೆ ಯಾವ ವ್ಯತ್ಯಾಸವೂ ತೋರಲಿಲ್ಲ.

ಮಳೆ ಹಿಡಿದ ಮೇಲೆ, ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಕೊನೆಗೌಡ (ಅಡಿಕೆ ಮರ ಹತ್ತುವ ಕೆಲಸಗಾರ) ಬಂದಿದ್ದ ದಿನ, ಆ ಔಷಧಿಯಾದ ಬೋರ್ಡೋ ದ್ರಾವಣದ 200 ಲೀಟರಿನ ಡ್ರಮ್ಮನ್ನು ಟ್ರೈಲರಿನಲ್ಲಿಟ್ಟು ತೋಟದ ಆಚೆ ದಂಡೆಯ ಏರು ಹತ್ತಿಸುವಾಗ ಚಕ್ರಗಳು ನಿಂತಲ್ಲೇ ಸುತ್ತತೊಡಗಿದವು. ಬಗ್ಗಿ ನೋಡಿದರೆ ಲಗ್ಗುಗಳ ನಡುವೆ ಕೆಂಪು ಜೇಡಿಯೂ ಕೊಳೆತ ದರಕೂ ಸೇರಿ ಗಟ್ಟಿಯಾಗಿ ಮೆತ್ತಿಕೊಂಡು, ಇಡೀ ಟಯರು ಒನಕೆಯಂತೆ ನುಣ್ಣಗಾಗಿತ್ತು. ಗಾಳಿ ಇಳಿಸಿದೆ, ಅರ್ಧ ಡ್ರಮ್ಮು ಖಾಲಿ ಮಾಡಿಸಿದೆ, ಎರಡರಿಂದಲೂ ಪ್ರಯೋಜನವಾಗಲಿಲ್ಲ. ಮಾಡಿದ ಬೋರ್ಡೋವನ್ನು ಆ ದಿನವೇ ಹೊಡೆದು ಮುಗಿಸಬೇಕು, ಕೊನೆಗೌಡ ಮತ್ತೆ ಸಿಗುವುದು ಯಾವಾಗಲೋ ಎಂಬ ಚಿಂತೆಯಲ್ಲಿ ಗಾಡಿಯನ್ನು ಹಿಂದಕ್ಕೆ ಇಳಿಸಲು ರಿವರ್ಸ್ ಗೇರು ಹಾಕಿದಾಗ, ಮೆತ್ತಿದ್ದ ಮಣ್ಣು ಎರಡೂ ಬದಿಗೆ ಸಿಡಿದು ಲಗ್ಗುಗಳು ತಾವಾಗಿಯೇ ಚೊಕ್ಕಟವಾದವು. ಆಗ ಪಕ್ಕದ ಮೈಯನ್ನು ಒರೆಸಿ ನೋಡಿದೆ. ಟಯರು ಉರುಳಬೇಕಾದ ದಿಕ್ಕನ್ನು ಹೇಳಲು ಅಲ್ಲಿ ಅಚ್ಚಾಗಿರುವ ಬಾಣ ಹಿಂದಕ್ಕೆ ತೋರಿಸುತ್ತಿತ್ತು.

ಸರಿಯಾಗಿ ಹಾಕಿದ ಟಯರಿನಲ್ಲಿ ವಿ ಆಕಾರದ ಲಗ್ಗಿನ ಚೂಪು ಮೊದಲು ನೆಲಕ್ಕೆ ತಾಗುತ್ತದೆ, ಅಂಚುಗಳು ಆಮೇಲೆ. ಎಂಜಿನ್ನಿನ ಬಲದಿಂದ ಚಕ್ರವು ಮಣ್ಣನ್ನು ಹಿಂದಕ್ಕೆ ಒತ್ತಿದಾಗ ಕೆಸರು ನಡುವಿನಿಂದ ಅಂಚಿನ ಕಡೆಗೆ ಜಾರಿ ಹೊರಬೀಳುತ್ತದೆ ಮತ್ತು ಖಾಲಿಯಾದ ಲಗ್ಗು ಮುಂದಿನ ಸುತ್ತಿನಲ್ಲಿ ಹೊಸ ಮಣ್ಣನ್ನು ಕಚ್ಚುತ್ತದೆ. ಉಲ್ಟಾ ಕೂತರೆ ಅದೇ ಲಗ್ಗು ಬೊಗಸೆಯಂತೆ ಕೆಸರನ್ನು ನಡುವಿಗೆ ಬಾಚಿಕೊಂಡು ತುಂಬಿಕೊಳ್ಳುತ್ತದೆ. ಬಾಣ ಸವೆದುಹೋಗಿದ್ದರೆ ಹ್ಯಾಂಡಲ್ಲಿನ ಬಳಿ ನಿಂತು ನೋಡಿ: ಹಿಂದಿನಿಂದ ಕಾಣುವಾಗ ಚೂಪು ಮೇಲ್ಮುಖವಾಗಿರಬೇಕು. ನೆಲದ ಮೇಲೆ ಬಿದ್ದ ಅಚ್ಚಿನಲ್ಲಿ ಮಾತ್ರ ಚೂಪು ಗಾಡಿ ಬಂದ ದಿಕ್ಕಿಗೆ, ಅಂದರೆ ಹಿಂದಕ್ಕೆ ಇರುತ್ತದೆ. ಇದನ್ನು ಕಂಡು ಗಾಬರಿಯಾಗಬೇಕಾಗಿಲ್ಲ.

ಅಗಲವನ್ನು ಉಳಿಸಿಕೊಂಡು ದಿಕ್ಕನ್ನು ಸರಿಪಡಿಸಲು ಎಡಚಕ್ರವನ್ನು ಬಲಕ್ಕೂ ಬಲಚಕ್ರವನ್ನು ಎಡಕ್ಕೂ ಹಾಕಬೇಕು. ಮೂಲ ಜೋಡಣೆಯಿಂದ ಲೆಕ್ಕ ಹಾಕಿದರೆ ಚಕ್ರವನ್ನು ಮಗುಚದೆ ಆಚೆ ಬದಿಗೆ ಸರಿಸಿದಂತೆ. ಹೊರಮೈ ತಾನಾಗಿಯೇ ಒಳಗಾಗುತ್ತದೆ, ಲಗ್ಗಿನ ದಿಕ್ಕು ಬದಲಾಗುವುದಿಲ್ಲ. ಜ್ಯಾಕು ಕೊಟ್ಟು ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಂಡೆ. ಮರುದಿನ ತುಂಬಿದ ಡ್ರಮ್ಮಿನೊಂದಿಗೆ ಅದೇ ಏರನ್ನು ಗಾಡಿ ನಿಲ್ಲದೆ ಹತ್ತಿತು.

ಇದರ ಮಿತಿಗಳನ್ನೂ ಹೇಳಬೇಕು. ರಿವರ್ಸಿನಲ್ಲಿ ಕೆಸರಿನ ಏರು ಹತ್ತಿಸಲು ಈ ಟಯರನ್ನು ನಂಬಬಾರದು. ಆಗ ಸರಿಯಾಗಿ ಕೂತ ಟಯರೂ ಉಲ್ಟಾ ಟಯರಿನಂತೆಯೇ ವರ್ತಿಸುತ್ತದೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಲಗ್ಗು ಒಳಗೆ ಇಳಿಯುವುದೇ ಇಲ್ಲವಾದ್ದರಿಂದ ಅಲ್ಲಿ ದಿಕ್ಕಿನಿಂದ ಲಾಭವಿಲ್ಲ. ಗದ್ದೆಯ ರಾಡಿಗೆ ಕೇಜ್ ವೀಲೇ (ಪಂಜರದಂಥ ಕಬ್ಬಿಣದ ಚಕ್ರ) ಬೇಕು. ಡಾಂಬರಿನ ಮೇಲೆ ಹೆಚ್ಚು ಓಡಿಸಿದರೆ ನಡುಭಾಗ ಬೇಗ ಸವೆಯುತ್ತದೆ. ನನ್ನ ಟಯರಿನಲ್ಲಿ ಈಗ ಅಂಚಿಗಿಂತ ನಡುವಿನ ಲಗ್ಗು ಸ್ಪಷ್ಟವಾಗಿ ತಗ್ಗಾಗಿದೆ. ಟ್ರೈಲರಿನ ಮಾತು ಬೇರೆ. ಅದರ ಚಕ್ರಗಳಿಗೆ ಎಂಜಿನ್ನಿನ ಬಲವಿಲ್ಲ, ನೆಲವೇ ಅವುಗಳನ್ನು ಉರುಳಿಸುತ್ತದೆ. ಅಲ್ಲಿಗೆ ಹಳೆಯ ಲಗ್ ಟಯರುಗಳನ್ನು ತಿಳಿದೇ ಉಲ್ಟಾ ಹಾಕಿದ್ದೇನೆ. ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಟ್ರೈಲರು ಈಗ ಮೊದಲಿಗಿಂತ ಕಡಿಮೆ ಜಾರುತ್ತದೆ.

ಇನ್ನೊಂದು ಮಳೆಗಾಲಕ್ಕೆ ಈ ಜೋಡಿ ಸಾಕು. ಆಮೇಲೆ ಇದೇ ಅಳತೆಯ, ಇದೇ ನಮೂನೆಯ ಟಯರನ್ನೇ ಕೊಳ್ಳುತ್ತೇನೆ. ಪಂಕ್ಚರಿಗೆ ಒಯ್ದವರು ಯಾರೇ ಆಗಲಿ ಮರೆಯದಿರಲೆಂದು ಈಗಿನ ಟಯರುಗಳ ಹೊರಮೈಯಲ್ಲಿ ಬಿಳಿ ಬಣ್ಣದಿಂದ ಗೇಣುದ್ದದ ಬಾಣ ಬರೆದಿಟ್ಟಿದ್ದೇನೆ.