ಫೆಟ್ ಸಿಮ್ಯುಲೇಶನ್: ಒಂದು ಲ್ಯಾಪ್‌ಟಾಪ್, 52 ಮಕ್ಕಳು, ಎರಡು ಬಲ್ಬ್

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೇಲಿ ನಾನು ವಿಜ್ಞಾನ ಟೀಚರ್. ಹತ್ತನೇ ಕ್ಲಾಸಲ್ಲಿ 52 ಮಕ್ಕಳು, ಒಂದು ಲ್ಯಾಪ್‌ಟಾಪು, ಒಂದು ಪ್ರೊಜೆಕ್ಟರು, ಬೆಳಕು ಬರದ ಹಾಗೆ ಕಿಟಕಿಗೆ ಕಟ್ಟೋಕೆ ಎರಡು ಹಳೇ ಕಂಬಳಿ. ನಮ್ಮ ಸ್ಮಾರ್ಟ್ ಕ್ಲಾಸ್ ಅಂದ್ರೆ ಇಷ್ಟೇ. ಮೂರು ವರ್ಷದಿಂದ ಇದರಲ್ಲೇ ಫೆಟ್ ಸಿಮ್ಯುಲೇಶನ್ ಹಾಕ್ಕೊಂಡು ಪಾಠ ಮಾಡ್ತಾ ಬಂದಿದೀನಿ. ಬೇರೆ ಸ್ಕೂಲಿನ ಟೀಚರ್‌ಗಳು ಸಿಕ್ಕಾಗೆಲ್ಲ "ಏನದು, ಹೇಗೆ ಮಾಡ್ತೀರ, ನೆಟ್ ಬೇಕಾ" ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಒಂದ್ಸಲ ಕೂತು ಸರಿಯಾಗಿ ಬರೆದುಬಿಡೋಣ ಅನ್ನಿಸ್ತು.

ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡ್ತೀನಿ. ಸಿಮ್ಯುಲೇಶನ್ ಅಂದ್ರೆ ಪ್ರಯೋಗಾನ ಕಂಪ್ಯೂಟರ್ ಸ್ಕ್ರೀನ್ ಮೇಲೇ ಮಾಡಿ ನೋಡೋದು. ಅಂಥವನ್ನ ಮಾಡಿಕೊಡೋ ಫೆಟ್ (PhET) ಅನ್ನೋದು ಅಮೆರಿಕದ ಕೊಲರಾಡೊ ಯೂನಿವರ್ಸಿಟಿಯವರು ಬೌಲ್ಡರ್ ಊರಲ್ಲಿ ನಡೆಸ್ತಿರೋ ಪ್ರಾಜೆಕ್ಟು. 2002ರಲ್ಲಿ ಕಾರ್ಲ್ ವೀಮನ್ ಶುರು ಮಾಡಿದ್ದು, 2001ರಲ್ಲಿ ಭೌತಶಾಸ್ತ್ರಕ್ಕೆ ನೊಬೆಲ್ ಬಂದಿತ್ತಲ್ಲ ಆ ವಿಜ್ಞಾನಿ. ಮೊದಲು ಬರೀ ಫಿಸಿಕ್ಸ್ ಇತ್ತು, ಈಗ ಕೆಮಿಸ್ಟ್ರಿ, ಬಯಾಲಜಿ, ಗಣಿತ ಎಲ್ಲಾ ಸೇರಿದೆ. ಪೂರ್ತಿ ಫ್ರೀ, ಜಾಹೀರಾತು ಇಲ್ಲ, ಸಿಮ್ಯುಲೇಶನ್ ಓಡಿಸೋಕೆ ಲಾಗಿನ್ನೂ ಬೇಡ. ವಿಡಿಯೋ ಥರ ನೋಡ್ತಾ ಕೂರೋದಲ್ಲ ಇದು. ವೈರು, ಬ್ಯಾಟರಿ, ಬಲ್ಬು ಎಲ್ಲಾ ಸ್ಕ್ರೀನ್ ಮೇಲೆ ಇರುತ್ತೆ, ಎಳೆದು ತಂದು ನಾವೇ ಜೋಡಿಸಬೇಕು, ತಪ್ಪು ಜೋಡಿಸಿದ್ರೆ ತಪ್ಪಿಗೆ ತಕ್ಕ ಹಾಗೇ ನಡ್ಕೊಳುತ್ತೆ.

ನಾನು ಇದನ್ನ ಹಿಡ್ಕೊಂಡಿದ್ದಕ್ಕೆ ದೊಡ್ಡ ಕಾರಣ ಆಫ್‌ಲೈನ್. ಒಂದೊಂದು ಸಿಮ್ಯುಲೇಶನ್ನೂ ಒಂದೊಂದು ಎಚ್‌ಟಿಎಂಎಲ್ ಫೈಲ್ ಆಗಿ ಡೌನ್‌ಲೋಡ್ ಆಗುತ್ತೆ, ಕೆಲವೇ ಎಂಬಿ, ಪೆನ್‌ಡ್ರೈವಲ್ಲಿ ಹಾಕ್ಕೊಂಡು ಹೋಗಿ ಯಾವ ಕಂಪ್ಯೂಟರಲ್ಲಿ ಬೇಕಾದ್ರೂ ಕ್ರೋಮ್ ಅಥವಾ ಫೈರ್‌ಫಾಕ್ಸಲ್ಲಿ ತೆಗೆದ್ರೆ ಸಾಕು, ಉಬುಂಟು ಇರಲಿ ವಿಂಡೋಸ್ ಇರಲಿ ನಡೆಯುತ್ತೆ, ಇನ್‌ಸ್ಟಾಲ್ ಮಾಡೋ ತಲೆನೋವೂ ಇಲ್ಲ. ನಮ್ಮೂರಲ್ಲಿ ಮಳೆ ಬಂದ್ರೆ ನೆಟ್ ಇರಲ್ಲ, ಮಳೆ ಬರದಿದ್ರೆ ಕರೆಂಟ್ ಇರಲ್ಲ. ನೆಟ್ ನಂಬ್ಕೊಂಡು ಪಾಠ ಪ್ಲ್ಯಾನ್ ಮಾಡಿ, 40 ನಿಮಿಷದ ಪೀರಿಯಡ್ಡಲ್ಲಿ 15 ನಿಮಿಷ ಆ ಚಕ್ರ ತಿರುಗೋದನ್ನೇ ಮಕ್ಕಳ ಜೊತೆ ನೋಡ್ತಾ ನಿಂತಿದ್ದು ಎಷ್ಟು ಸಲವೋ. ಈ ಫೈಲ್‌ಗಳು ಕೈಗೆ ಬಂದ ಮೇಲೆ ಆ ಭಯ ಹೋಯ್ತು. ಕರೆಂಟ್ ಹೋದ್ರೂ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡ್ತಿರುತ್ತೆ, ಮಕ್ಕಳನ್ನ ಹತ್ತಿರ ಕರೆದು ಗುಂಪು ಗುಂಪಾಗಿ ತೋರಿಸ್ತೀನಿ.

ನಾನು ಜಾಸ್ತಿ ಬಳಸೋದು ಡಿಸಿ ಸರ್ಕ್ಯೂಟ್, ಅಂದ್ರೆ ಬ್ಯಾಟರಿಯಿಂದ ನಡೆಯೋ ಸರ್ಕ್ಯೂಟ್ ಕಟ್ಟೋ ಕಿಟ್ ಅನ್ನೋ ಸಿಮ್ಯುಲೇಶನ್. ಹತ್ತನೇ ಕ್ಲಾಸಿನ ವಿದ್ಯುಚ್ಛಕ್ತಿ ಪಾಠಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದು ದಿನದ ಪಾಠ ಇಲ್ಲಿ ಪೂರ್ತಿ ಹೇಳ್ತೀನಿ, ಯಾಕಂದ್ರೆ ಆವತ್ತಿಂದ ನಾನು ಪಾಠ ಮಾಡೋ ರೀತೀನೇ ಬದಲಾಯ್ತು.

ಮೊದಲು ಒಂದು ಬ್ಯಾಟರಿ, ಒಂದು ಬಲ್ಬ್ ಜೋಡಿಸಿದ್ವಿ. ಅದರಲ್ಲಿ ಬ್ಯಾಟರಿ 9 ವೋಲ್ಟ್, ಬಲ್ಬಿನ ರೋಧ 10 ಓಮ್. ಓಮ್‌ನ ನಿಯಮದ ಪ್ರಕಾರ (ವೋಲ್ಟನ್ನ ರೋಧದಿಂದ ಭಾಗಿಸಿದ್ರೆ) ಪ್ರವಾಹ ಎಷ್ಟು ಬರುತ್ತೆ ಅಂದೆ, ಲೆಕ್ಕ ಮಾಡಿ 0.9 ಆಂಪಿಯರ್ ಅಂದ್ರು, ಅಮ್ಮೀಟರ್ ಇಟ್ರೆ 0.90. ಎಲ್ಲರಿಗೂ ಖುಷಿ. ಆಮೇಲೆ ಇನ್ನೊಂದು ಬಲ್ಬನ್ನ ಸರಣಿಯಲ್ಲಿ, ಅಂದ್ರೆ ಒಂದರ ಹಿಂದೆ ಒಂದರ ಹಾಗೆ, ಜೋಡಿಸೋಕೆ ಮುಂಚೆ ಸ್ಕ್ರೀನ್ ಮುಚ್ಚಿ ಕೇಳಿದೆ: "ಎರಡರಲ್ಲಿ ಯಾವ ಬಲ್ಬ್ ಜಾಸ್ತಿ ಉರಿಯುತ್ತೆ? ನೋಟ್‌ಬುಕ್ಕಲ್ಲಿ ಬರೀರಿ, ಪಕ್ಕದವರದ್ದು ನೋಡಬೇಡಿ." ಸುತ್ತಾಡಿ ನೋಡಿದ್ರೆ ಮುಕ್ಕಾಲು ಪಾಲು ಮಕ್ಕಳು "ಮೊದಲನೇದು" ಅಂತ ಬರೆದಿದ್ರು. ಯಾಕೆ ಅಂದ್ರೆ ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ಕಾಲುವೇಲಿ ಮೊದಲನೇ ಹೊಲದವನು ನೀರು ಹಾಯಿಸ್ಕೊಂಡ್ರೆ ಹಿಂದಿನವನಿಗೆ ಎಲ್ಲಿಂದ ಬರ್ಬೇಕು, ಮೊದಲನೇ ಬಲ್ಬು ಕರೆಂಟ್ ತಿನ್ಕೊಂಡು ಉಳಿದಿದ್ದನ್ನ ಎರಡನೇದಕ್ಕೆ ಬಿಡುತ್ತೆ" ಅಂದ. ನೋಡಿ, ಎಷ್ಟು ಚೆನ್ನಾಗಿ ಯೋಚನೆ ಮಾಡಿದಾನೆ! ಉತ್ತರ ತಪ್ಪು, ಆದರೆ ಅದರ ಹಿಂದೆ ಅವನು ಕಣ್ಣಾರೆ ಕಂಡ ಕಾಲುವೆ ಇದೆ. ಹದಿನಾಲ್ಕು ವರ್ಷದಿಂದ ಈ ಪಾಠ ಮಾಡಿದೀನಿ, ಮಕ್ಕಳ ತಲೇಲಿ ಇದು ಕೂತಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ, ಯಾಕಂದ್ರೆ ಪರೀಕ್ಷೇಲಿ ಅವರು "ಸರಣಿ ಜೋಡಣೆಯಲ್ಲಿ ವಿದ್ಯುತ್ ಪ್ರವಾಹ ಒಂದೇ ಆಗಿರುತ್ತದೆ" ಅಂತ ಬಾಯಿಪಾಠ ಬರೆದು ಮಾರ್ಕ್ಸ್ ತಗೊಳ್ತಿದ್ರು.

ಆಮೇಲೆ ಆ ಹುಡುಗನನ್ನೇ ಕರೆದು ಮೌಸ್ ಕೊಟ್ಟೆ. ಜೋಡಿಸಿದ. ಎರಡೂ ಬಲ್ಬ್ ಒಂದೇ ಥರ ಮಂಕಾಗಿ ಉರಿದ್ವು. ನಂಬಲಿಲ್ಲ ಅವನು. ಅಮ್ಮೀಟರನ್ನ ಮೊದಲನೇ ಬಲ್ಬಿನ ಮುಂಚೆ ಇಟ್ಟ, 0.45. ಎರಡರ ನಡುವೆ, 0.45. ಎರಡನೇದರ ಆಚೆ, 0.45. ವೈರೊಳಗೆ ಹರಿಯೋ ನೀಲಿ ಎಲೆಕ್ಟ್ರಾನ್‌ಗಳನ್ನ ಹತ್ತಿರ ಹೋಗಿ ಬೆರಳಿಟ್ಟು ನೋಡಿದ, ಎಲ್ಲಾ ಕಡೆ ಒಂದೇ ವೇಗ. "ಹಂಗಾದ್ರೆ ಬಲ್ಬು ತಿನ್ನೋದು ಏನನ್ನ ಮೇಡಂ?" ಅಂದ. ಆ ಪ್ರಶ್ನೆ ಬಂತಲ್ಲ, ಅಲ್ಲಿಂದ ವಿಭವಾಂತರ (ವೋಲ್ಟೇಜ್), ಶಕ್ತಿ ಎಲ್ಲಾ ಹೇಳೋಕೆ ದಾರಿ ತಾನಾಗೇ ತೆರ್ಕೊಳ್ತು. ವೋಲ್ಟ್‌ಮೀಟರ್ ತಗೊಂಡು ಒಂದೊಂದು ಬಲ್ಬಿಗೆ ಇಟ್ಟು ನೋಡಿದ್ವಿ, ನಾಲ್ಕೂವರೆ ನಾಲ್ಕೂವರೆ, ಎರಡೂ ಸೇರಿ ಒಂಬತ್ತು.

ಸಮಾಂತರ ಜೋಡಣೆಗೆ, ಅಂದ್ರೆ ಎರಡೂ ಬಲ್ಬನ್ನ ಬೇರೆಬೇರೆ ದಾರೀಲಿ ನೇರ ಬ್ಯಾಟರಿಗೆ ಜೋಡಿಸೋದಕ್ಕೆ ಬಂದಾಗ ಇನ್ನೊಂದು ಸೊಗಸು ನಡೀತು. ಎರಡನೇ ಬಲ್ಬ್ ಸೇರಿಸಿದ್ರೂ ಮೊದಲನೇದು ಮಂಕಾಗಲ್ಲ, ಬ್ಯಾಟರಿಯಿಂದ ಬರೋ ಪ್ರವಾಹ 1.80ಕ್ಕೆ ಏರುತ್ತೆ. ಮನೆ ವೈರಿಂಗ್ ಹೀಗೇ ಇರೋದು, ಫ್ಯಾನ್ ಆರಿಸಿದ್ರೆ ಲೈಟ್ ಆರಲ್ಲ ನೋಡಿ ಅಂತ ಹೇಳ್ತಿದ್ದೆ, ಹಿಂದಿನ ಬೆಂಚಿನ ಹುಡುಗಿ, ಯಾವತ್ತೂ ಬಾಯಿ ಬಿಡದವಳು, "ಮೇಡಂ, ನಮ್ಮ ತೋಟದ ಮನೇಲಿ ಪಂಪ್‌ಸೆಟ್ ಹಾಕಿದ ತಕ್ಷಣ ಬಲ್ಬು ಮಂಕಾಗುತ್ತಲ್ಲ, ಇಲ್ಲಿ ಯಾಕಾಗಲ್ಲ?" ಅಂತ ಕೇಳಿದಳು. ನಂಗೆ ಒಂದು ಕ್ಷಣ ಉತ್ತರ ತೋಚಲಿಲ್ಲ. ನಾಳೆ ಹೇಳ್ತೀನಿ ಅಂದೆ. ರಾತ್ರಿ ಕೂತು ಹುಡುಕಿದಾಗ ಅದೇ ಕಿಟ್ಟಿನ ಲ್ಯಾಬ್ ಸ್ಕ್ರೀನಲ್ಲಿ ವೈರಿನ ರೋಧ ಮತ್ತೆ ಬ್ಯಾಟರಿಯ ಒಳಗಿನ ರೋಧ ಜಾಸ್ತಿ ಮಾಡೋ ಸ್ಲೈಡರ್ ಸಿಕ್ತು. ಮಾರನೇ ದಿನ ಒಳರೋಧ 5 ಓಮ್‌ಗೆ ಎಳೆದು ತೋರಿಸಿದೆ. ಒಂದೇ ಬಲ್ಬ್ ಇದ್ದಾಗ ಅದರಲ್ಲಿ 0.60, ಸಮಾಂತರವಾಗಿ ಇನ್ನೊಂದು ಸೇರಿಸಿದ ಕೂಡಲೇ 0.45ಕ್ಕೆ ಇಳೀತು, ಬಲ್ಬ್ ಎಲ್ಲರ ಕಣ್ಣೆದುರೇ ಮಂಕಾಯ್ತು. ಟ್ರಾನ್ಸ್‌ಫಾರ್ಮರಿಂದ ತೋಟದ ತನಕ ಎಳೆದಿರೋ ಉದ್ದ ವೈರಿಗೂ ರೋಧ ಇದೆ, ಮೋಟಾರು ಜಾಸ್ತಿ ಪ್ರವಾಹ ಎಳೆದಾಗ ದಾರೀಲೇ ಒಂದಷ್ಟು ವೋಲ್ಟೇಜ್ ಬಿದ್ದುಹೋಗುತ್ತೆ ಅಂತ ಅವಳೇ ಕ್ಲಾಸಿಗೆ ವಿವರಿಸಿದಳು. ಪಠ್ಯಪುಸ್ತಕದಲ್ಲಿ ಅವಳ ತೋಟದ ಮನೆ ಎಲ್ಲೂ ಇಲ್ಲ, ಇಲ್ಲಿ ಬಂತು.

ಇನ್ನು ಎಚ್ಚರ ವಹಿಸಬೇಕಾದ ವಿಷಯಗಳು. ಈ ಕಿಟ್ಟಲ್ಲಿ ಲೂಸ್ ಕಾಂಟ್ಯಾಕ್ಟ್ ಅನ್ನೋದೇ ಇಲ್ಲ, ಸೆಲ್ ಖಾಲಿಯಾಗಲ್ಲ, ಸಾಮಾನ್ಯ ಬಲ್ಬಿನ ರೋಧ ಬಿಸಿಯಾದ್ರೂ ಬದಲಾಗಲ್ಲ. ನಿಜವಾದ ಫಿಲಮೆಂಟ್ ಬಲ್ಬು ಹಾಗಲ್ಲ, ಬಿಸಿಯಾದಷ್ಟೂ ರೋಧ ಏರುತ್ತೆ. ಅದಕ್ಕೇ ನಾನು ಸ್ಕ್ರೀನ್ ಆದ ಮೇಲೆ ಕಡ್ಡಾಯವಾಗಿ ಟಾರ್ಚ್ ಬಲ್ಬು, ಸೆಲ್ಲು, ತಾಮ್ರದ ವೈರು ಕೊಟ್ಟು ಕೈಯಲ್ಲೇ ಮಾಡಿಸ್ತೀನಿ. ಅಂಗಡೀಲಿ ಐವತ್ತು ನೂರು ರೂಪಾಯಿಗೆ ಒಂದು ಗುಂಪಿಗೆ ಆಗೋಷ್ಟು ಸಾಮಾನು ಸಿಗುತ್ತೆ. ಕೊಲರಾಡೊದವರೇ 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು, ಸರ್ಕ್ಯೂಟ್ ಸಿಮ್ಯುಲೇಶನಲ್ಲಿ ಕಲಿತ ವಿದ್ಯಾರ್ಥಿಗಳು ನಿಜವಾದ ಉಪಕರಣದಲ್ಲಿ ಕಲಿತವರಿಗಿಂತ ವಿಷಯಾನ ಚೆನ್ನಾಗಿ ಅರ್ಥ ಮಾಡ್ಕೊಂಡಿದ್ರು, ಆಮೇಲೆ ನಿಜವಾದ ಸರ್ಕ್ಯೂಟ್ ಕಟ್ಟೋದ್ರಲ್ಲೂ ಮುಂದಿದ್ರು ಅಂತ. ಅದು ಕಾಲೇಜು ಮಕ್ಕಳ ಮೇಲೆ ಮಾಡಿದ್ದು. ನಮ್ಮ ಮಕ್ಕಳಿಗೆ ಎರಡೂ ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಲೂಸ್ ಕಾಂಟ್ಯಾಕ್ಟ್ ಹುಡುಕಿ ಸರಿಮಾಡೋದೂ ಒಂದು ಕಲಿಕೆ ಅಲ್ವಾ.

ಶಾರ್ಟ್ ಮಾಡಿದ್ರೆ ಈ ಕಿಟ್ಟಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿದ ಹಾಗೆ ಕಾಣುತ್ತೆ. ಮಕ್ಕಳಿಗೆ ಅದು ಭಾರಿ ಇಷ್ಟ, ಬೇಕಂತ್ಲೇ ಹತ್ತಿಸ್ತಾರೆ. ಹತ್ತಿಸ್ಲಿ, ಆದರೆ ಮನೆ ಪ್ಲಗ್ಗಿಗೆ ಯಾವತ್ತೂ ವೈರು ಹಾಕಬಾರದು ಅಂತ ಅದೇ ಹೊತ್ತಲ್ಲಿ ಖಡಾಖಂಡಿತ ಹೇಳಿ, ಒಂದ್ಸಲ ಅಲ್ಲ ಮೂರು ಸಲ ಹೇಳಿ. ಇನ್ನೊಂದು, ತೆರೆದ ಕೂಡಲೇ ಕಾಣೋದು ಎಲೆಕ್ಟ್ರಾನ್ ಹರಿಯೋ ದಿಕ್ಕು, ನಮ್ಮ ಪುಸ್ತಕದಲ್ಲಿ ಬಾಣ ಹಾಕಿರೋದು ಧನದಿಂದ ಋಣಕ್ಕೆ. ಎರಡನ್ನೂ ತೋರಿಸೋ ಆಯ್ಕೆ ಪಕ್ಕದಲ್ಲೇ ಇದೆ, ಮೊದಲೇ ಹೇಳದಿದ್ರೆ ಮಕ್ಕಳು ಪರೀಕ್ಷೇಲಿ ಬಾಣ ಉಲ್ಟಾ ಹಾಕಿ ಬರ್ತಾರೆ. ಎಲೆಕ್ಟ್ರಾನ್ ನಿಜವಾಗ್ಲೂ ಹಾಗೆ ನೀಲಿ ಗುಂಡು ಥರ ಇರಲ್ಲ, ಇದು ಅರ್ಥ ಆಗ್ಲಿ ಅಂತ ಮಾಡಿರೋ ಮಾದರಿ ಅಂತಾನೂ ಹೇಳಬೇಕು.

ಕನ್ನಡದ ವಿಷಯ. ಸುಮಾರು ಸಿಮ್ಯುಲೇಶನ್‌ಗಳು ಕನ್ನಡದಲ್ಲಿವೆ, ಸ್ವಯಂಸೇವಕರು ಅನುವಾದ ಮಾಡಿರೋದು. ನಮ್ಮ ಪಠ್ಯದ ಪದಕ್ಕೂ ಅಲ್ಲಿರೋ ಪದಕ್ಕೂ ಎಲ್ಲಾ ಕಡೆ ತಾಳೆ ಆಗಬೇಕು ಅಂತೇನಿಲ್ಲ, ಹಾಗಾಗಿ ಕ್ಲಾಸಿಗೆ ಮುಂಚೆ ಒಂದ್ಸಲ ತೆಗೆದು ನೋಡ್ಕೊಳ್ಳಿ. ಅನುವಾದ ಮಾಡೋ ವ್ಯವಸ್ಥೆ ಅವರದ್ದೇ ಇದೆ, ಕನ್ನಡ ಮಾಧ್ಯಮದ ವಿಜ್ಞಾನ ಟೀಚರ್‌ಗಳು ಕೈಹಾಕಿದ್ರೆ ಅದು ನಮ್ಮ ಮಕ್ಕಳಿಗೇ ಉಪಯೋಗ.

ತರಬೇತಿ ಬಗ್ಗೆ ಒಂದು ಮಾತು ಹೇಳಲೇಬೇಕು. ಹಿಂದೆ ಒಂದು ತಂತ್ರಜ್ಞಾನ ತರಬೇತಿಗೆ ಹೋಗಿದ್ದೆ, ಎಲ್ಲಿ, ಯಾರದ್ದು ಅನ್ನೋದು ಬೇಡ. ಬೆಳಿಗ್ಗೆಯಿಂದ ಸಂಜೆ ತನಕ ಸ್ಲೈಡ್ ತೋರಿಸಿದ್ರು, ಫೋಲ್ಡರ್ ಹೇಗೆ ಮಾಡೋದು, ಫಾಂಟ್ ಹೇಗೆ ಬದಲಾಯಿಸೋದು ಹೇಳಿದ್ರು, ನಾವು ಮೌಸ್ ಮುಟ್ಟಿದ್ದು ಅರ್ಧ ಗಂಟೆ. ವಾಪಸ್ ಬಂದು ಸೋಮವಾರ ಕ್ಲಾಸಲ್ಲಿ ಏನು ಮಾಡ್ಬೇಕು ಅಂತ ಒಬ್ಬರಿಗೂ ಗೊತ್ತಾಗಲಿಲ್ಲ. ನಮ್ಮ ಸೀನಿಯರ್ ಗಣಿತದ ಮೇಷ್ಟ್ರು, ನಿವೃತ್ತಿಗೆ ಎರಡು ವರ್ಷ ಇತ್ತು, "ಇನ್ನು ನಮಗೆಲ್ಲ ಇದು ಆಗಲ್ಲ ಬಿಡಮ್ಮ" ಅಂದುಬಿಟ್ರು. ತುಂಬಾ ಸಂಕಟ ಆಯ್ತು ನಂಗೆ, ಅಂಥ ಒಳ್ಳೇ ಮೇಷ್ಟ್ರು ಅವರು. ಆಮೇಲೆ ಒಂದು ಮಧ್ಯಾಹ್ನ ಊಟ ಆದ ಮೇಲೆ ಅವರ ಪಕ್ಕ ಕೂತು ಜಿಯೋಜಿಬ್ರಾ ಅನ್ನೋ ಗಣಿತದ ಸಾಫ್ಟ್‌ವೇರಲ್ಲಿ ಒಂದೇ ಒಂದು ಕೆಲಸ ಮಾಡಿ ತೋರಿಸಿದೆ: ತ್ರಿಭುಜ ಬರೆಯೋದು, ಮೂರೂ ಕೋನ ಅಳೆಯೋದು, ಮೂಲೆ ಹಿಡಿದು ಎಳೆಯೋದು. ಕೋನಗಳು ಬದಲಾಗ್ತಾನೇ ಇವೆ, ಮೊತ್ತ 180 ಬಿಟ್ಟು ಕದಲಲ್ಲ. ಮೌಸ್ ಅವರ ಕೈಗೇ ಕೊಟ್ಟು ನಾನು ಸುಮ್ಮನೆ ಕೂತೆ. ಇಪ್ಪತ್ತು ನಿಮಿಷ ಎಳೆದು ಎಳೆದು ನೋಡಿದ್ರು. ಮಾರನೇ ದಿನ ಎಂಟನೇ ಕ್ಲಾಸಿಗೆ ಅವರೇ ಲ್ಯಾಪ್‌ಟಾಪ್ ಹೊತ್ಕೊಂಡು ಹೋದ್ರು. ಟೀಚರ್‌ಗೆ ಸಹಾಯ ಅಂದ್ರೆ ಹೀಗಿರಬೇಕು ಅನ್ನೋದು ನನ್ನ ನಂಬಿಕೆ, ಅವರದ್ದೇ ಪಾಠ, ಅವರದ್ದೇ ಕೈ, ಪಕ್ಕದಲ್ಲಿ ಕೂರೋಕೆ ಒಬ್ಬರು.

ಫೆಟ್‌ನಲ್ಲಿ ಟೀಚರ್‌ಗಳಿಗೆ ಅಂತಲೇ ಒಂದು ವಿಭಾಗ ಇದೆ, ಫ್ರೀ ಅಕೌಂಟ್ ಮಾಡ್ಕೊಂಡ್ರೆ ಒಂದೊಂದು ಸಿಮ್ಯುಲೇಶನಿಗೂ ಟಿಪ್ಸ್ ಇರೋ ಪಿಡಿಎಫ್, ಬೇರೆ ದೇಶದ ಟೀಚರ್‌ಗಳು ಹಾಕಿರೋ ಚಟುವಟಿಕೆಗಳು ಸಿಗುತ್ವೆ. ಹೆಚ್ಚಿನವು ಇಂಗ್ಲಿಷಲ್ಲಿವೆ. ಅದರಲ್ಲಿ ನಂಗೆ ತುಂಬಾ ಕೆಲಸಕ್ಕೆ ಬಂದ ಸಲಹೆ ಅಂದ್ರೆ ಮೊದಲು ಐದು ಹತ್ತು ನಿಮಿಷ ಏನೂ ಹೇಳದೆ ಮಕ್ಕಳನ್ನ ಆಡೋಕೆ ಬಿಡಿ ಅನ್ನೋದು. ನಮ್ಮಲ್ಲಿ ಒಂದೇ ಲ್ಯಾಪ್‌ಟಾಪ್ ಇರೋದ್ರಿಂದ ಬೆಂಚಿಗೊಬ್ಬರ ಹಾಗೆ ಬಂದು ಒಂದೊಂದು ವಸ್ತು ಜೋಡಿಸಿ ಹೋಗ್ತಾರೆ. ಕಿಟ್ಟಲ್ಲಿ ನಾಣ್ಯ, ರಬ್ಬರ್, ಪೆನ್ಸಿಲ್, ಕೊನೆಗೆ ಒಂದು ನಾಯೀನೂ ಇದೆ, ಯಾವುದು ವಾಹಕ ಯಾವುದು ಅವಾಹಕ ಅಂತ ನೋಡೋಕೆ. ನಾಯಿ ಬಂದ ಕೂಡಲೇ ಇಡೀ ಕ್ಲಾಸ್ ನಗುತ್ತೆ. ಪೆನ್ಸಿಲಲ್ಲಿ ಬಲ್ಬ್ ಉರಿದದ್ದು ನೋಡಿ ಮಾರನೇ ದಿನ ನಾಲ್ಕೈದು ಮಕ್ಕಳು ಎರಡೂ ಕಡೆ ಚೂಪು ಮಾಡಿದ ಪೆನ್ಸಿಲ್ ತಂದಿದ್ರು, ಸೆಲ್ಲಿಗೆ ಹಾಕಿ ನೋಡೋಣ ಮೇಡಂ ಅಂತ.

ಸರ್ಕಾರದ ಆನ್‌ಲೈನ್ ಕಲಿಕೆ ವೇದಿಕೆ ದೀಕ್ಷಾ ಇದೆಯಲ್ಲ, ಮತ್ತೆ ಇದ್ಯಾಕೆ ಅಂತ ಕೇಳೋರಿದ್ದಾರೆ. 2017ರ ಸೆಪ್ಟೆಂಬರ್ 5ಕ್ಕೆ ಬಂದ ದೀಕ್ಷಾನೂ ನಾನು ಬಳಸ್ತೀನಿ, ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಅದೇ ಪಾಠದ ವಿಡಿಯೋ ಬರುತ್ತೆ, ರಜೆ ಹಾಕಿದ ಮಕ್ಕಳು ಮನೇಲಿ ನೋಡ್ಕೊಳ್ಳೋಕೆ, ರಿವಿಷನ್ನಿಗೆ ಒಳ್ಳೇದು. ಆದರೆ ಕಾಲುವೆ ಹುಡುಗನಿಗೆ ತನ್ನ ಅನುಮಾನ ತಾನೇ ಪರೀಕ್ಷೆ ಮಾಡಿ ನೋಡ್ಬೇಕು ಅಂದ್ರೆ ವಿಡಿಯೋ ಸಾಲಲ್ಲ.

ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಹೊಸಬರು ಸರ್ಕ್ಯೂಟ್ ಕಿಟ್ಟಿಂದ ಶುರು ಮಾಡಿ, ಆಮೇಲೆ ರಾಸಾಯನಿಕ ಸಮೀಕರಣ ಸರಿದೂಗಿಸೋದು, ಅದರಲ್ಲಿ ಒಂದು ಆಟ ಇದೆ, ಮಕ್ಕಳು ಪೈಪೋಟಿ ಮೇಲೆ ಮಾಡ್ತಾರೆ. ಬೆಳಕಿನ ಪಾಠಕ್ಕೆ ಮಸೂರ, ದರ್ಪಣದ್ದೂ ಇದೆ, ಪೀನ ಮಸೂರದ ಮುಂದಿರೋ ಪೆನ್ಸಿಲ್ಲನ್ನ ಎಳೀತಾ ಹೋದ್ರೆ ಪ್ರತಿಬಿಂಬ ಎಲ್ಲೆಲ್ಲಿ ಓಡುತ್ತೆ ಅಂತ ಕಾಣುತ್ತೆ, ಪೆನ್ಸಿಲ್ ಸಂಗಮಬಿಂದು ದಾಟಿ ಒಳಗೆ ಬಂದ ಕೂಡಲೇ ಪ್ರತಿಬಿಂಬ ಪೆನ್ಸಿಲ್ ಇರೋ ಕಡೆಗೇ ಬಂದುಬಿಡುತ್ತೆ. ಒಂದು ಪೀರಿಯಡ್ಡಿಗೆ ಒಂದೇ ಸಿಮ್ಯುಲೇಶನ್, ಒಂದೇ ಪ್ರಶ್ನೆ ಇಟ್ಕೊಳ್ಳಿ, ಹಿಂದಿನ ರಾತ್ರಿ ನೀವೇ ಅರ್ಧ ಗಂಟೆ ಆಡಿ ನೋಡಿ, ಮತ್ತೆ ಪೆನ್‌ಡ್ರೈವ್ ಎರಡು ಇಟ್ಕೊಳ್ಳಿ, ಒಂದು ಯಾವಾಗ್ಲೂ ಮನೇಲೇ ಮರೆತುಹೋಗುತ್ತೆ.