5,800 ರೂಪಾಯಿ ಗಿಟಾರ್, ಮೂರು ವರ್ಷ ಆದ್ಮೇಲೆ: ತೊಂದ್ರೆ ಇದ್ದಿದ್ದು ಫ್ರೆಟ್‌ನಲ್ಲಿ

ತಗೊಂಡು ಮೂರು ವರ್ಷದ ಮೇಲಾಯ್ತು. ಆನ್‌ಲೈನ್‌ನಲ್ಲಿ 5,800 ರೂಪಾಯಿ, ಜೊತೆಗೆ ತೆಳ್ಳಗಿನ ಬ್ಯಾಗು, ಬೆಲ್ಟು, ಇನ್ನೊಂದು ಸೆಟ್ ತಂತಿ. ಬ್ರ್ಯಾಂಡ್ ಹೆಸರು ಹಾಕಲ್ಲ. ಮೊದಲ ವಾರ ಬರೆದಿದ್ರೆ ಐದು ಸ್ಟಾರ್ ಕೊಡ್ತಿದ್ದೆ, ಎಂಟು ತಿಂಗಳಿಗೆ ಬರೆದಿದ್ರೆ ಒಂದು. ಈಗ ಮೂರೂವರೆ ಕೊಡ್ತಿದೀನಿ, ಯಾಕೆ ಅಂತ ಹೇಳ್ತೀನಿ.

ಶುರುನಲ್ಲಿ ಸದ್ದು ಚೆನ್ನಾಗೇ ಇತ್ತು, ಆದ್ರೆ ತಂತಿ ಒತ್ತೋಕೆ ಬೆರಳೆಲ್ಲ ಉರಿ, ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸೋ ಸ್ವರಗುಚ್ಛ) ಅಂತೂ ಹತ್ತಿರಕ್ಕೂ ಬರ್ತಿರ್ಲಿಲ್ಲ. ಅಭ್ಯಾಸ ಸಾಲ್ದು ಅಂತ ಎಂಟು ತಿಂಗಳು ಹಾಗೇ ನುಡಿಸ್ದೆ. ಒಂದಿನ ಸ್ಕೇಲ್ ಇಟ್ಟು ನೋಡಿದ್ರೆ 12ನೇ ಫ್ರೆಟ್ (ನೆಕ್, ಅಂದ್ರೆ ಗಿಟಾರ್ ಕತ್ತಿನ ಮೇಲೆ ಅಡ್ಡಡ್ಡ ಕೂತಿರೋ ಲೋಹದ ಪಟ್ಟಿ) ಮೇಲೆ ದಪ್ಪ ತಂತಿ 4 ಮಿ.ಮೀ. ಎತ್ತರದಲ್ಲಿದೆ! ಸ್ಟೀಲ್ ತಂತಿ ಗಿಟಾರ್‌ಗೆ ಅಲ್ಲಿ ಎರಡೂವರೆ ಸುತ್ತಮುತ್ತ ಇದ್ರೆ ಸಾಕು, ತೆಳು ತಂತಿಗೆ ಎರಡು. ಬ್ರಿಡ್ಜ್ (ಬಾಡಿ ಮೇಲೆ ತಂತಿ ಸಿಕ್ಕಿಸೋ ಜಾಗ) ಮೇಲಿನ ಪ್ಲಾಸ್ಟಿಕ್ ಸ್ಯಾಡಲ್, ಅಂದ್ರೆ ತಂತಿಗಳು ಕೂರೋ ಪಟ್ಟಿ, ತೆಗೆದು ಕೆಳಗಡೆಯಿಂದ ಪಾಲಿಶ್ ಪೇಪರ್ ಮೇಲೆ ಉಜ್ಜಿದೆ (12ನೇ ಫ್ರೆಟ್‌ನಲ್ಲಿ ಅರ್ಧ ಮಿ.ಮೀ. ಇಳೀಬೇಕು ಅಂದ್ರೆ ಸ್ಯಾಡಲ್ ಒಂದು ಮಿ.ಮೀ. ಸವೀಬೇಕು, ಲೆಕ್ಕ ನೆನಪಿರ್ಲಿ). ಕೈಗೆ ಹಗುರ ಆಯ್ತು, ಆದ್ರೆ ಮೂರು ಕಡೆ ಗುರ್ರ್ ಅನ್ನೋಕೆ ಶುರು.

ಆಗ ಅರ್ಥ ಆಗಿದ್ದು ಇದು: ಫ್ರೆಟ್ ಎತ್ತರ ತಗ್ಗು ಮೊದಲಿಂದ್ಲೂ ಇತ್ತು, ತಂತಿ ಅಷ್ಟು ಎತ್ತರದಲ್ಲಿ ಇದ್ದಿದ್ರಿಂದ ಕೇಳ್ತಿರ್ಲಿಲ್ಲ ಅಷ್ಟೇ. ಒಂದು ಅಂಗಡಿಗೆ ತಗೊಂಡು ಹೋದೆ, ಕೈಯಲ್ಲಿ ಹಿಡಿದೂ ನೋಡ್ದೆ ಬೇರೆ ತಗೊಳ್ಳಿ ಅಂದ್ರು. ಅವತ್ತು ತುಂಬಾ ಬೇಜಾರಾಗಿತ್ತು, ಈಗ್ಲೂ ಇದೆ, ಯಾಕಂದ್ರೆ ದುಡ್ಡು ಕೂಡಿಟ್ಟು ತಗೊಂಡಿರೋ ಹುಡುಗ ಹುಡುಗೀರು ಈ ಮಾತು ಕೇಳಿ ಬಿಟ್ಟೇ ಬಿಡ್ತಾರೆ.

ಯಾವ ಫ್ರೆಟ್ ಎತ್ತರ ಅಂತ ನಾನೇ ಹುಡುಕ್ದೆ. ತೆಳು ಕಡೆಯಿಂದ ಎರಡನೇ ತಂತಿ ಉದಾಹರಣೆಗೆ ತಗೊಳ್ಳಿ. 5ನೇ ಫ್ರೆಟ್ ಒತ್ತಿದ್ರೆ ಇ ಸ್ವರ ಬರಬೇಕು, 6ನೇದಕ್ಕೆ ಎಫ್. ನನ್ನ ಟ್ಯೂನರ್ ಆಪ್ 5ಕ್ಕೂ ಎಫ್, 6ಕ್ಕೂ ಎಫ್ ತೋರಿಸ್ತಿತ್ತು. ಅಂದ್ರೆ 5ರಲ್ಲಿ ಒತ್ತಿದ್ರೂ ತಂತಿ ಹೋಗಿ 6ನೇ ಫ್ರೆಟ್ ಮೇಲೇ ಕೂತ್ಕೊಳ್ತಿದೆ. ಹಳೇ ಎಟಿಎಂ ಕಾರ್ಡನ್ನ ಅಂಚಿನ ಮೇಲೆ ನಿಲ್ಲಿಸಿ ಮೂರು ಫ್ರೆಟ್ ಮೇಲೆ ಇಡಿ, ಮೂರೇ, ನಾಲ್ಕನೇದು ತಾಗಬಾರ್ದು, ಹಾಗಾಗಿ ಟ್ಯೂನಿಂಗ್ ಕೀ ಕಡೆಯ ಅಗಲ ಫ್ರೆಟ್‌ಗಳಿಗೆ ಉದ್ದದ ಬದಿ, ಬಾಡಿ ಕಡೆಯವಕ್ಕೆ ಗಿಡ್ಡ ಬದಿ. ಕಾರ್ಡ್ ಆ ಕಡೆ ಈ ಕಡೆ ಟಕ್ ಟಕ್ ಅಂತ ಆಡಿದ್ರೆ ನಡುವಿನ ಫ್ರೆಟ್ ಎತ್ತರ ಇದೆ ಅಂತ. ನನಗೆ ಸಿಕ್ಕಿದ್ದು 6, 9, 13.

ಎತ್ತರ ಇಳಿಸೋಕೆ ಅರ (ಫೈಲ್) ಹಿಡಿಯೋಕ್ಕೆ ಮುಂಚೆ ಒಂದು ಕೆಲಸ ಮಾಡಿ. ಆ ಫ್ರೆಟ್ ತುದಿಯನ್ನ ಮರದ ತುಂಡಿನಿಂದ ಗಟ್ಟಿಯಾಗಿ ಒತ್ತಿ, ಒತ್ತಿದಾಗ ತಗ್ಗಿ, ಬಿಟ್ಟಾಗ ಮೇಲೆ ಬಂದ್ರೆ ಅದು ಎತ್ತರ ಅಲ್ಲ, ಮರದ ಸೀಳಿನಿಂದ ಎದ್ದಿರೋದು. 6ನೇದು ಹಾಗೇ ಆಗಿತ್ತು. ಅದನ್ನ ಉಜ್ಜಿದ್ರೆ ಹಾಳು. ಸುತ್ತ ಟೇಪ್ ಹಚ್ಚಿ ಒಂದೇ ಒಂದು ಹನಿ ಫೆವಿಕ್ವಿಕ್ ಬಿಟ್ಟು, ಮೇಲೆ ಮರದ ತುಂಡಿಟ್ಟು ಕ್ಲ್ಯಾಂಪ್ ಹಾಕಿ ರಾತ್ರಿಯಿಡೀ ಬಿಟ್ಟೆ, ಸರಿಹೋಯ್ತು.

9 ಮತ್ತು 13 ನಿಜವಾಗ್ಲೂ ಎತ್ತರ. ನಮ್ಮೂರು ಸಾಗರ, ಅಲ್ಲಿ ಗಂಧದ ಕೆತ್ತನೆ ಮಾಡೋ ಗುಡಿಗಾರರ ಮನೆಗಳಿವೆ, ಪರಿಚಯದ ಒಬ್ಬ ಹಿರಿಯರು ಒಂದು ಸಣ್ಣ ಮುಕ್ಕೋಣದ ಅರ ಕೊಟ್ರು, ಮೂಲೆಗಳನ್ನ ಸವೆಸಿ ನುಣುಪು ಮಾಡಿದ್ದು, ಮರಕ್ಕೆ ಗೀರು ಬೀಳದ ಹಾಗೆ. ಫ್ರೆಟ್ ನೆತ್ತಿಗೆ ಕಪ್ಪು ಮಾರ್ಕರ್ ಬಳಿದು, ಚಪ್ಪಟೆ ಪಟ್ಟಿಗೆ 400 ನಂಬರ್ ವಾಟರ್ ಪೇಪರ್ ಅಂಟಿಸಿ ನಾಲ್ಕು ಸಲ ಎಳೆಯೋದು, ಕಾರ್ಡ್ ಇಟ್ಟು ನೋಡೋದು, ಮತ್ತೆ ನಾಲ್ಕು ಸಲ. ಕಾರ್ಡ್ ಆಡೋದು ನಿಂತ ತಕ್ಷಣ ನಿಲ್ಲಿಸಿ. ನೆತ್ತಿ ಚಪ್ಪಟೆ ಆಗಿರತ್ತೆ, ಮಾರ್ಕರ್ ಮತ್ತೆ ಬಳಿದು ಅರದಿಂದ ಎರಡೂ ಪಕ್ಕ ಇಳಿಸ್ತಾ ಬಂದು ನಡುವೆ ದಾರದಷ್ಟು ಕಪ್ಪು ಗೆರೆ ಉಳಿಸ್ಕೊಂಡ್ರೆ ಗುಂಡಗೆ ಬರತ್ತೆ. ಕೊನೆಗೆ 1000, 2000 ಪೇಪರ್. ಎರಡು ಫ್ರೆಟ್‌ಗೆ ಒಂದು ಇಡೀ ಭಾನುವಾರ ಹೋಯ್ತು, ಸಾಮಾನಿಗೆ ಹೊಸ ತಂತಿ ಸೇರಿ ಏಳ್ನೂರು ರೂಪಾಯಿ.

ಗುರ್ ಅಂದ ಕೂಡ್ಲೇ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಕಡ್ಡಿ) ತಿರುಗಿಸ್ಬೇಡಿ. ನೆಕ್ ಬಾಗಿದ್ರೆ ಮಾತ್ರ ಅದು, ಅದೂ ಒಂದು ಸಲಕ್ಕೆ ಕಾಲು ಸುತ್ತು. ಹೆಚ್ಚು ಬಿಗಿ ಮಾಡಿದ್ರೆ ನೆಕ್ ಹಿಂದಕ್ಕೆ ಬಾಗಿ ಮೊದಲ ಫ್ರೆಟ್‌ಗಳೇ ಗುರ್ ಅಂತವೆ.

ಆಮೇಲೆ ಕೆಲಸಕ್ಕೆ ಬಳ್ಳಾರಿಗೆ ಬಂದೆ. ಸಾಗರದ ಮಳೆಗಾಲದ ತೇವ ಎಲ್ಲಿ, ಬಳ್ಳಾರಿ ಬೇಸಿಗೆ ಎಲ್ಲಿ. ಮಾರ್ಚ್ ಹೊತ್ತಿಗೆ ನೆಕ್ ಪಕ್ಕ ಕೈ ಜಾರಿಸಿದ್ರೆ ಗರಗಸದ ಹಾಗೆ ಚುಚ್ತಿತ್ತು, ಒಂದ್ಸಲ ಹೆಬ್ಬೆರಳ ಹತ್ತಿರ ಗೀರಿ ರಕ್ತ ಬಂತು. ಮರ ಒಣಗಿ ಅಗಲದಲ್ಲಿ ಕುಗ್ಗತ್ತೆ, ಲೋಹ ಕುಗ್ಗಲ್ಲ, ಫ್ರೆಟ್ ತುದಿ ಹೊರಗೆ ಬರತ್ತೆ. ತುದಿಗಳನ್ನ ಅರದಲ್ಲಿ ಓರೆಯಾಗಿ ಉಜ್ಜಿದೆ. ಆಮೇಲೆ ತೂತು ಮಾಡಿದ ಸೋಪ್ ಡಬ್ಬಿಯಲ್ಲಿ ಹಿಂಡಿದ ಸ್ಪಾಂಜ್ ಇಟ್ಟು ಬ್ಯಾಗಿನೊಳಗೆ ಇಡ್ತೀನಿ, ತೇವಾಂಶ 45ರಿಂದ 55 ಪರ್ಸೆಂಟ್ ಇದ್ರೆ ಗಿಟಾರ್ ನೆಮ್ಮದಿಯಾಗಿರತ್ತೆ. ಕಳೆದ ಎರಡು ಬೇಸಿಗೆ ಏನೂ ಚುಚ್ಚಿಲ್ಲ.

ಈಗಿನ ಸ್ಥಿತಿ: ಮೊದಲ ಮೂರು ಫ್ರೆಟ್‌ನಲ್ಲಿ ತೆಳು ತಂತಿಗಳ ಕೆಳಗೆ ಸಣ್ಣ ಗುಳಿ ಬಿದ್ದಿದೆ, ಫ್ರೆಟ್ ಲೋಹ ಸ್ಟೀಲ್ ತಂತಿಗಿಂತ ಮೆದು, ಅದು ಸಹಜ. ಬಾಡಿ ಪ್ಲೈ ಆದ್ರಿಂದ ಎಲ್ಲೂ ಬಿರುಕಿಲ್ಲ, ಟ್ಯೂನಿಂಗ್ ಕೀಗಳು ಸುಮಾರು.

ಅಂಗಡಿಯಲ್ಲಿ ನೋಡಿ ತಗೊಳ್ಳೋರು ಒಂದು ಹತ್ತು ನಿಮಿಷ ಕೇಳ್ಕೊಂಡು ಆರೂ ತಂತಿಯನ್ನ ಒಂದೊಂದು ಫ್ರೆಟ್‌ನಲ್ಲೂ ನುಡಿಸಿ, ಕಾರ್ಡ್ ಇಟ್ಟು ನೋಡಿ, ನೆಕ್ ಪಕ್ಕ ಕೈ ಆಡಿಸಿ. ಆನ್‌ಲೈನ್ ಆದ್ರೆ ವಾಪಸ್ ಕೊಡೋ ಅವಧಿ ಮುಗಿಯೋದ್ರೊಳಗೆ ಇದನ್ನೇ ಮಾಡಿ. ಒಂದೆರಡು ಫ್ರೆಟ್ ಎತ್ತರ ಇದ್ರೆ ಇಟ್ಕೊಳ್ಳಿ, ನೆಕ್ಕೇ ತಿರುಚಿದ್ರೆ ಮಾತ್ರ ವಾಪಸ್ ಕಳಿಸಿ.